ಮಾರ್ಕೇರಿಯನ್ 421: ರೇಡಿಯೊದಿಂದ ಗಾಮಾವರೆಗೆ ಒಂದೇ ರೋಹಿತ ಕಟ್ಟುವ ಬಗೆ

ನಡುವಿನ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಜೆಟ್ ಹೆಚ್ಚುಕಡಿಮೆ ನಮ್ಮತ್ತಲೇ ಮುಖಮಾಡಿದ್ದರೆ ಆ ಗೆಲಾಕ್ಸಿಯನ್ನು ಬ್ಲೇಜಾರ್ ಎನ್ನುತ್ತಾರೆ. ಅದರ ರೋಹಿತದಲ್ಲಿ, ಅಂದರೆ ಯಾವ ಆವೃತ್ತಿಯಲ್ಲಿ ಎಷ್ಟು ಬೆಳಕು ಎಂದು ತೋರಿಸುವ ಗೆರೆಯಲ್ಲಿ, ಎರಡು ದಿಬ್ಬಗಳಿರುತ್ತವೆ. ಮೊದಲನೆಯದು ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ ಸಿಂಕ್ರೊಟ್ರಾನ್ ಬೆಳಕು. ಎರಡನೆಯದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ, ಅವೇ ಎಲೆಕ್ಟ್ರಾನ್‌ಗಳು ಆ ಬೆಳಕನ್ನು ಗುದ್ದಿ ಗಾಮಾ ಮಟ್ಟಕ್ಕೆ ಏರಿಸುತ್ತವೆ ಎಂಬುದು. ಕಲಿಯಲು ಮಾರ್ಕೇರಿಯನ್ 421 ಎಂಬ ಬ್ಲೇಜಾರ್ ಬಹಳ ಒಳ್ಳೆಯದು: ರೆಡ್‌ಶಿಫ್ಟ್ (ದೂರ ಹೆಚ್ಚಿದಂತೆ ಬೆಳಕು ಕೆಂಪಿನತ್ತ ಸರಿಯುವ ಪ್ರಮಾಣ) ಕೇವಲ 0.031, ದತ್ತಾಂಶ ಧಾರಾಳ.

ಮೊದಲು ಕಾಲಾವಧಿ ಗೊತ್ತುಮಾಡಿ. ಇದರ ಎಕ್ಸ್‌ರೇ ಗಂಟೆಗಳಲ್ಲೇ ಏರಿಳಿಯುತ್ತದೆ. ಗಾಮಾ ಕಿರಣ ನೋಡುವ ಫರ್ಮಿ ಉಪಗ್ರಹಕ್ಕೋ ಒಳ್ಳೆಯ ಗಾಮಾ ರೋಹಿತಕ್ಕೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಬೇರೆ ಬೇರೆ ವರ್ಷದ ಬಿಂದುಗಳನ್ನು ಸೇರಿಸಿ ಎಳೆದ ಗೆರೆ ಯಾವ ಭೌತಿಕ ಸ್ಥಿತಿಯನ್ನೂ ತೋರಿಸುವುದಿಲ್ಲ. ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ನೇರಳಾತೀತ, ಮೃದು ಮತ್ತು ಗಡಸು ಎಕ್ಸ್‌ರೇಗಳನ್ನು ಒಟ್ಟಿಗೇ ನೋಡುವುದರಿಂದ ಅದರ ವೀಕ್ಷಣೆಯನ್ನೇ ಗೂಟವಾಗಿಟ್ಟುಕೊಂಡು ಉಳಿದವನ್ನು ಅದರ ಸುತ್ತ ಹುಡುಕಿ. ಅದರ ದತ್ತಾಂಶ ಬೆಂಗಳೂರು ಬಳಿಯ ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿದೆ, ಅಂತರಜಾಲದಲ್ಲಿ ಸಿಗುತ್ತದೆ.

ಮುಂದೆ ಎಲ್ಲವನ್ನೂ ಒಂದೇ ಮಾನಕ್ಕೆ ತನ್ನಿ. ಅಡ್ಡ ಅಕ್ಷದಲ್ಲಿ ಆವೃತ್ತಿ, ಲಂಬ ಅಕ್ಷದಲ್ಲಿ ಆವೃತ್ತಿ × ಫ್ಲಕ್ಸ್ (ನಮ್ಮನ್ನು ತಲುಪುವ ಬೆಳಕಿನ ಪ್ರಮಾಣ), ಎರಡೂ ಲಾಗ್ ಅಳತೆಯಲ್ಲಿ. 1 ಜಾನ್ಸ್ಕಿ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ, ಸೆಕೆಂಡಿಗೆ, ಹರ್ಟ್ಸ್‌ಗೆ 10⁻²³ ಎರ್ಗ್. 15 ಗಿಗಾಹರ್ಟ್ಸ್‌ನಲ್ಲಿ 0.5 ಜಾನ್ಸ್ಕಿ ಇದ್ದರೆ ಬಿಂದು 7.5 × 10⁻¹⁴ಕ್ಕೆ ಬೀಳುತ್ತದೆ. 1 ಕಿಲೋ ಎಲೆಕ್ಟ್ರಾನ್‌ವೋಲ್ಟ್ = 2.418 × 10¹⁷ ಹರ್ಟ್ಸ್. ಪಟ್ಟಿಗಳಲ್ಲಿ ಸಿಗುವ 2–10 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಫ್ಲಕ್ಸ್ ಇಡೀ ಪಟ್ಟೆಯ ಮೊತ್ತ. ಅದನ್ನೇ ಬಿಂದುವಾಗಿ ಇಟ್ಟರೆ, ಫೋಟಾನ್ ಸೂಚಿ (ಶಕ್ತಿ ಏರಿದಂತೆ ಫೋಟಾನ್ ಸಂಖ್ಯೆ ಇಳಿಯುವ ಕಡಿದು) 2 ಇದ್ದಾಗ, ಬಿಂದು 1.6 ಪಟ್ಟು ಮೇಲೆ ಕೂರುತ್ತದೆ.

ತಿದ್ದುಪಡಿಗಳಲ್ಲಿ ಅವಸರ ಬೇಡ. ಗೋಚರ ಬೆಳಕಿನಲ್ಲಿ ಆತಿಥೇಯ ದೀರ್ಘವೃತ್ತ ಗೆಲಾಕ್ಸಿಯ ನಕ್ಷತ್ರಗಳ ಪಾಲನ್ನು ಕಳೆಯಬೇಕು. ಬಿಟ್ಟರೆ ಕೆಂಪು ಪಟ್ಟೆಯಲ್ಲಿ ಇಲ್ಲದ ಉಬ್ಬು ಕಾಣುತ್ತದೆ. ಗೋಚರ ಮತ್ತು ನೇರಳಾತೀತ ಎರಡಕ್ಕೂ ನಮ್ಮ ಗೆಲಾಕ್ಸಿಯ ಧೂಳಿನ ತಿದ್ದುಪಡಿ, ಮೃದು ಎಕ್ಸ್‌ರೇಗೆ ಹೈಡ್ರೋಜನ್ ಹೀರಿಕೆಯ ತಿದ್ದುಪಡಿ (ಚದರ ಸೆಂಟಿಮೀಟರಿಗೆ ಸುಮಾರು 1.9 × 10²⁰ ಪರಮಾಣು) ಮಾಡಿ. ಟೆರಾ ಎಲೆಕ್ಟ್ರಾನ್‌ವೋಲ್ಟ್ ಗಾಮಾ ಕಿರಣಗಳನ್ನು ದಾರಿಯ ಹಿನ್ನೆಲೆ ಬೆಳಕು ನುಂಗುತ್ತದೆ. ಆ ತಿದ್ದುಪಡಿ ದತ್ತಾಂಶಕ್ಕೋ ಮಾದರಿಗೋ (ಲೆಕ್ಕದಿಂದ ಬರುವ ಗೆರೆಗೋ) ಒಂದಕ್ಕೆ ಮಾತ್ರ.

ರೇಡಿಯೊ ಬಿಂದುಗಳಿಗೆ ಮಾದರಿಯನ್ನು ಎಳೆದು ಹೊಂದಿಸಲೇಬೇಡಿ. ಎಕ್ಸ್‌ರೇ ಹೊಮ್ಮುವ ಕಿರಿದಾದ ವಲಯ ತನ್ನ ರೇಡಿಯೊವನ್ನು ತಾನೇ ಹೀರಿಕೊಳ್ಳುತ್ತದೆ. ನಮಗೆ ಕಾಣುವ ರೇಡಿಯೊ ಬಹುಪಾಲು ಜೆಟ್‌ನ ಇನ್ನೂ ಹೊರಗಿನ, ದೊಡ್ಡ ಭಾಗದ್ದು. ಅವನ್ನು ಮೇಲ್ಮಿತಿಯೆಂದು ಇಟ್ಟುಕೊಳ್ಳಿ.

ಮಾದರಿ ಹಾಕುವಾಗ ವಲಯದ ಗಾತ್ರ, ಡಾಪ್ಲರ್ ಅಂಶ (ನಮ್ಮತ್ತ ಧಾವಿಸುವ ಜೆಟ್‌ನ ಬೆಳಕು ಎಷ್ಟು ಪಟ್ಟು ವರ್ಧಿಸುತ್ತದೆ ಎಂಬ ಸಂಖ್ಯೆ), ಕಾಂತಕ್ಷೇತ್ರ ಮೂರನ್ನೂ ಸಡಿಲ ಬಿಟ್ಟರೆ ಹತ್ತಾರು ಉತ್ತರಗಳು ಒಂದೇ ಗೆರೆ ಕೊಡುತ್ತವೆ. ಗಾತ್ರಕ್ಕೆ ಏರಿಳಿತದಿಂದಲೇ ಮಿತಿ ಹಾಕಿ: ಬೆಳಕಿನ ವೇಗ × ಏರಿಳಿತದ ಕಾಲ × ಡಾಪ್ಲರ್ ಅಂಶ, ಭಾಗಿಸು 1.031 (1 + ರೆಡ್‌ಶಿಫ್ಟ್). ಏರಿಳಿತಕ್ಕೆ 6 ಗಂಟೆ, ಡಾಪ್ಲರ್ ಅಂಶಕ್ಕೆ 20 ಹಾಕಿದರೆ ಸುಮಾರು 1.3 × 10¹⁶ ಸೆಂಟಿಮೀಟರ್. ತ್ರಿಜ್ಯ ಇದನ್ನು ಮೀರಬಾರದು. ಕಾಂತಕ್ಷೇತ್ರವನ್ನು 0.1 ಗೌಸ್ ಆಸುಪಾಸಿನಿಂದ ಶುರುಮಾಡಿ. ಎರಡನೇ ದಿಬ್ಬ ಲೆಕ್ಕದಲ್ಲಿ ತೀರಾ ಬಲಕ್ಕೆ ಹೋದರೆ ಕ್ಲೈನ್–ನಿಶಿನಾ ತಿದ್ದುಪಡಿ (ಹೆಚ್ಚು ಶಕ್ತಿಯಲ್ಲಿ ಎಲೆಕ್ಟ್ರಾನ್–ಬೆಳಕಿನ ಗುದ್ದಾಟ ದುರ್ಬಲವಾಗುವುದರ ಲೆಕ್ಕ) ಬಿಟ್ಟುಹೋಗಿದೆಯೇ ಎಂದು ಮೊದಲು ನೋಡಿ. ಇಷ್ಟು ಶಕ್ತಿಯ ಎಲೆಕ್ಟ್ರಾನ್‌ಗಳಿಗೆ ಸರಳ ಥಾಮ್ಸನ್ ಸೂತ್ರ ನಡೆಯುವುದಿಲ್ಲ.