ಎಸ್‌ಎಸ್‌ಡಿ ಹಾಕಿಸಿದ ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ 11

ಶಿರಸಿ, ಕಾರವಾರ ಕಡೆಯವರು ಯಾರಾದರೂ ಹಳೆ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿಕೊಂಡಿದ್ದರೆ ಇದು ಉಪಯೋಗಕ್ಕೆ ಬರಬಹುದು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಲ್ವಾ?

ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಆಗುತ್ತದಾ ಅಂತ ತಿಳಿಯಲು ಮೊದಲು ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಆ್ಯಪ್ ಓಡಿಸಿ. ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಜನರೇಷನ್ ಪ್ರೊಸೆಸರ್ ಇರಬೇಕು.

ಲೈಸೆನ್ಸ್ ಬಗ್ಗೆ ಹೆದರಬೇಡಿ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಡಿಸ್ಕ್‌ಗೆ ಅಲ್ಲ. ಇನ್‌ಸ್ಟಾಲ್ ಮಾಡುವಾಗ ಕೀ ಕೇಳಿದರೆ ‘ಕೀ ಇಲ್ಲ’ ಅನ್ನುವುದನ್ನು ಒತ್ತಿ. ಮೊದಲು ಹೋಮ್ ಆವೃತ್ತಿ ಇದ್ದರೆ ಹೋಮನ್ನೇ ಆರಿಸಿ. ನೆಟ್ ಸಿಕ್ಕ ಮೇಲೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಸುಮ್ನೆ ಇನ್ನೊಂದು ಕೀಗೆ ದುಡ್ಡು ಹಾಕಬೇಡಿ.

ತಕರಾರು ಜಾಸ್ತಿ ಬರುವುದು ಕ್ಲೋನ್ ಮಾಡಿಸಿದವರಿಗೆ, ಅಂದರೆ ಹಳೆ ಡಿಸ್ಕ್‌ನಲ್ಲಿದ್ದದ್ದನ್ನೆಲ್ಲ ಹಾಗೇ ಎಸ್‌ಎಸ್‌ಡಿಗೆ ನಕಲು ಮಾಡಿಸಿದವರಿಗೆ. ಹಳೆ ಡಿಸ್ಕ್ ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೆ ವಿಧಾನ) ಆಗಿದ್ದರೆ ಎಸ್‌ಎಸ್‌ಡಿಯೂ ಸಾಮಾನ್ಯವಾಗಿ ಹಾಗೇ ಬಂದಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ವಾಲ್ಯೂಮ್ಸ್ ನೋಡಿ. ಎಂಬಿಆರ್ ಅಂತ ಇದ್ದರೆ ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಟೂಲ್‌ನಿಂದ ಜಿಪಿಟಿಗೆ (ವಿಂಡೋಸ್ 11ಕ್ಕೆ ಬೇಕಾದ ಹೊಸ ವಿಧಾನ) ಬದಲಿಸಿ. ಆಮೇಲೆ ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಬೂಟ್ ಮೋಡ್ ಲೆಗಸಿ (ಹಳೆಯದು) ತೆಗೆದು ಯುಇಎಫ್‌ಐ (ಹೊಸದು) ಇಡಿ, ಇಲ್ಲದಿದ್ದರೆ ಬೂಟ್ ಆಗುವುದಿಲ್ಲ. ಫೈಲ್‌ಗಳು ಹೋಗುವುದಿಲ್ಲ ಅಂತಾರೆ, ನಿಜವೇ. ಆದರೂ ಬ್ಯಾಕಪ್ ಇಲ್ಲದೆ ನಾನಂತೂ ಕೈ ಹಾಕುವುದಿಲ್ಲ.

ಫ್ರೆಶ್ ಇನ್‌ಸ್ಟಾಲ್‌ಗೆ 8 ಜಿಬಿಯ ಖಾಲಿ ಪೆನ್‌ಡ್ರೈವ್ ಸಾಕು.

ಇನ್ನೊಂದು, ನಮ್ಮ ಮಳೆಗಾಲದ ಕರೆಂಟ್ ನಂಬಬೇಡಿ. ಹಳೆ ಬ್ಯಾಟರಿ ಆದರೆ ಯುಪಿಎಸ್ ಅಥವಾ ಇನ್ವರ್ಟರ್ ಲೈನ್‌ಗೆ ಹಾಕಿಯೇ ಶುರು ಮಾಡಿ. ತೆಗೆದ ಡಿಸ್ಕನ್ನು ಎಲ್ಲಾ ಸರಿಯಾಗುವ ತನಕ ಫಾರ್ಮ್ಯಾಟ್ ಮಾಡಬೇಡಿ.