ಡೆಂಟ್ ಬೇರೆ, ಇಂಡೆಂಟ್ ಬೇರೆ: ಇಂಗ್ಲಿಷ್ ಪದದ ಬೇರು ಹುಡುಕುವುದು ಹೇಗೆ

ನಾನು ಬಸ್ ಡಿಪೋದ ಸ್ಟೋರ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಈ ಎರಡೂ ಪದ ನನಗೆ ದಿನಾ ಬೇಕು. ಶೆಡ್ಡಿನಲ್ಲಿ ಯಾವುದೋ ಬಸ್ಸಿನ ಬಾಡಿ ಡೆಂಟ್ ಆಗಿರುತ್ತದೆ. ಅದಕ್ಕೆ ಬೇಕಾದ ಶೀಟು, ರಿವೆಟ್ಟು ಕೇಳಿ ಮಿಸ್ತ್ರಿ ನನಗೆ ಇಂಡೆಂಟ್ ಕಳಿಸುತ್ತಾರೆ. ಕೇಳಿದರೆ ಎರಡೂ ಒಂದೇ ಮನೆತನದ ಪದಗಳು ಅನ್ನಿಸುತ್ತದೆ, ಅಲ್ವಾ? ಹುಟ್ಟಿದ ಮನೆ ಬೇರೆ ಬೇರೆ. ಇದನ್ನು ನೀವೇ ಪತ್ತೆ ಮಾಡಬಹುದು, ಮೊಬೈಲ್ ಒಂದಿದ್ದರೆ ಸಾಕು.

ಮೆರಿಯಮ್ ವೆಬ್‌ಸ್ಟರ್ ನಿಘಂಟು ಅಥವಾ ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ ತೆರೆಯಿರಿ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಅರ್ಥ ಓದಿ ಅಲ್ಲೇ ನಿಲ್ಲಬೇಡಿ, ಪದದ ಹುಟ್ಟಿನ ಭಾಗಕ್ಕೆ ಹೋಗಿ. ಅಲ್ಲಿ ಹಳೆಯ ರೂಪ ಯಾವುದು, ಆಗ ಅದರ ಅರ್ಥ ಏನಿತ್ತು ಎಂದು ನೋಡಿ. ಅರ್ಥವೇ ಮುಖ್ಯ. ಕಾಗುಣಿತ ಹೊಂದಿತು ಅಂತ ಸುಮ್ನೆ ನೆಂಟಸ್ತನ ಕಟ್ಟಬಾರದು.

‘ಡೆಂಟ್’ ಹುಡುಕಿದರೆ ಹಳೆಯ ಇಂಗ್ಲಿಷಿನ ಒಂದು ಪದ ಸಿಗುತ್ತದೆ. ಅದನ್ನು ಡಿ-ವೈ-ಎನ್-ಟಿ ಎಂದು ಬರೆಯುತ್ತಿದ್ದರು. ಅರ್ಥ: ಪೆಟ್ಟು, ಏಟು. ಯಾವುದರದೋ ಬಲದಿಂದ ಎಂಬ ಅರ್ಥದಲ್ಲಿ ‘ಬೈ ಡಿಂಟ್ ಆಫ್’ ಅನ್ನುತ್ತಾರಲ್ಲ, ಆ ‘ಡಿಂಟ್’ ಕೂಡ ಇದೇ. ಮೊದಲು ಪೆಟ್ಟಿಗಿದ್ದ ಹೆಸರು ಕ್ರಮೇಣ ಪೆಟ್ಟು ಬಿದ್ದ ಗುರುತಿಗೆ ಬಂತು. ನಮ್ಮ ಶೆಡ್ಡಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನೆಗ್ಗಿದ ಜಾಗದ ನಡುವೆ ತಗ್ಗು, ಸುತ್ತ ಶೀಟು ಸ್ವಲ್ಪ ಉಬ್ಬಿರುತ್ತದೆ. ಮಿಸ್ತ್ರಿ ಒಂದು ಕಡೆ ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದು, ಇನ್ನೊಂದು ಕಡೆಯಿಂದ ಅಂಚಿನಿಂದ ಶುರುಮಾಡಿ ಸಣ್ಣ ಸಣ್ಣ ಏಟು ಹಾಕುತ್ತಾ ನಡುವಿಗೆ ಬರುತ್ತಾರೆ. ನೆಗ್ಗಿಸಿದ್ದೂ ಪೆಟ್ಟೇ, ತೆಗೆಯುವುದೂ ಪೆಟ್ಟೇ.

‘ಇಂಡೆಂಟ್’ ಹುಡುಕಿ. ಹಾದಿ ಫ್ರೆಂಚಿನ ಮೂಲಕ ಲ್ಯಾಟಿನ್ನಿಗೆ ಹೋಗುತ್ತದೆ. ಅಲ್ಲಿ ‘ಡೆನ್ಸ್’ ಅಂದರೆ ಹಲ್ಲು. ಇಂಡೆಂಟ್ ಅಂದರೆ ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸುವುದು. ಕಾಗದಕ್ಕೂ ಹಲ್ಲಿಗೂ ಏನು ಸಂಬಂಧ? ಇಂಗ್ಲೆಂಡಿನಲ್ಲಿ ಹಿಂದೆ ಒಂದೇ ಚರ್ಮದ ಹಾಳೆಯ ಮೇಲೆ ಕರಾರನ್ನು ಎರಡು ಸಲ ಬರೆದು, ನಡುವೆ ಅಂಕುಡೊಂಕಾಗಿ ಕತ್ತರಿಸುತ್ತಿದ್ದರು. ಒಂದೊಂದು ತುಂಡು ಒಬ್ಬೊಬ್ಬರ ಹತ್ತಿರ. ಆಮೇಲೆ ಜಗಳ ಬಂದರೆ ಎರಡನ್ನೂ ಜೋಡಿಸಿ ನೋಡುವುದು. ಹಲ್ಲಿಗೆ ಹಲ್ಲು ಕೂತರೆ ಪತ್ರ ಅಸಲಿ. ಅದೇ ‘ಇಂಡೆಂಚರ್’. 1834ರಿಂದ ಮಾರಿಷಸ್ಸಿಗೆ, 1879ರಿಂದ ಫಿಜಿಗೆ ನಮ್ಮ ದೇಶದ ಕೂಲಿಗಳನ್ನು ಹಡಗಿನಲ್ಲಿ ಒಯ್ದದ್ದು ಇದೇ ಹೆಸರಿನ ಕರಾರಿನ ಮೇಲೆ. ನಯವಾದ ಕಾಗದದ ಪದದೊಳಗೆ ಎಷ್ಟೊಂದು ಜನರ ಕಷ್ಟ ಇದೆ ನೋಡಿ. ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಸಾಮಾನು ಕೇಳುವ ಪತ್ರಕ್ಕೂ ಇಂಡೆಂಟ್ ಎಂಬ ಹೆಸರು ಕೂತಿತು. ಅದು ನನ್ನ ಮೇಜಿನವರೆಗೂ ಬಂದಿದೆ.

ಮುಂದಿನದು ನನಗೆ ತುಂಬಾ ಇಷ್ಟವಾದ ಹೆಜ್ಜೆ. ನೆಂಟಸ್ತನ ನಿಜವೋ ಅಲ್ಲವೋ ತಿಳಿಯಲು ಒಂದು ಪದ ಸಾಲದು, ಸಾಲು ಬೇಕು. ಲ್ಯಾಟಿನ್ನಿನ ‘ಡೆನ್ಸ್’ ಮತ್ತು ಇಂಗ್ಲಿಷಿನ ‘ಟೂತ್’ ಒಂದೇ ಬೇರಿನವು. ನಂಬಿಕೆ ಬರುವುದಿಲ್ಲ, ಅಲ್ವಾ? ಇನ್ನೂ ಎರಡು ಜೋಡಿ ಇಡಿ: ‘ಡುವೊ’ಗೆ ‘ಟೂ’, ‘ಡೆಕೆಮ್’ಗೆ ‘ಟೆನ್’. ಮೂರು ಜೋಡಿಯಲ್ಲೂ ಪದದ ಮೊದಲಿಗೆ ಲ್ಯಾಟಿನ್ನಿನಲ್ಲಿ ಡ ಇದ್ದರೆ ಇಂಗ್ಲಿಷಿನಲ್ಲಿ ಟ. ಇಂಥ ಸಾಲು ಕನ್ನಡದಲ್ಲೂ ಇದೆ. ಹಳಗನ್ನಡದ ಪಾಲ್ ನಮಗೆ ಹಾಲು, ಪುಲಿ ಹುಲಿ, ಪಲ್ ಹಲ್ಲು. ಸಂಸ್ಕೃತದ ‘ದಂತ’ ಲ್ಯಾಟಿನ್ನಿನ ಕಡೆಯ ನೆಂಟ. ನಮ್ಮ ‘ಹಲ್ಲು’ ಮಾತ್ರ ದ್ರಾವಿಡ, ತಮಿಳಿನ ‘ಪಲ್’ ಜೊತೆಯದು.

ನಿಘಂಟಿನಲ್ಲಿ ‘ಬಹುಶಃ’ ಎಂದಿದ್ದರೆ ಅದನ್ನು ಬಿಟ್ಟು ಓದಬೇಡಿ. ಕೆನ್ನೆಯ ಗುಳಿಗೆ ಹೇಳುವ ‘ಡಿಂಪಲ್’ ನೋಡಿ. ಸಣ್ಣ ತಗ್ಗಿನ ಪದವೇ ಆದರೂ ಇದಕ್ಕೆ ಪೆಟ್ಟೂ ಬೇಡ, ಹಲ್ಲೂ ಬೇಡ. ಜರ್ಮನ್ನಿನಲ್ಲಿ ನೀರಿನ ಗುಂಡಿಗೆ ‘ಟ್ಯೂಂಪೆಲ್’ ಅನ್ನುತ್ತಾರೆ, ಅದರ ಬಳಗ ಇರಬೇಕು ಎಂದು ಊಹೆ. ಬರೆದಿಟ್ಟುಕೊಳ್ಳುವಾಗಲೂ ಊಹೆ ಎಂದೇ ಬರೆಯಿರಿ. ಮೂರನೆಯವರಿಗೆ ಹೇಳುವಾಗ ಈ ಒಂದು ಮಾತು ಬಿಟ್ಟುಹೋದರೆ ಊಹೆಯೇ ಸತ್ಯವಾಗಿ ಹರಡುತ್ತದೆ.

ಅಭ್ಯಾಸಕ್ಕೆ ನಾಲ್ಕು ಪದ ಕೊಡುತ್ತೇನೆ: ಡೆಂಟಿಸ್ಟ್, ಟ್ರೈಡೆಂಟ್, ಸ್ಟೂಡೆಂಟ್, ಡ್ಯಾಂಡೆಲಿಯನ್. ಮೂರರಲ್ಲಿ ಹಲ್ಲಿದೆ, ಒಂದರಲ್ಲಿ ಇಲ್ಲ. ಡ್ಯಾಂಡೆಲಿಯನ್ನಿನಿಂದ ಶುರುಮಾಡಿ. ಅದು ಹಳದಿ ಹೂ ಬಿಡುವ ಒಂದು ಗಿಡ. ಫ್ರೆಂಚಿನಲ್ಲಿ ಆ ಹೆಸರಿನ ಅರ್ಥ ‘ಸಿಂಹದ ಹಲ್ಲು’. ಎಲೆಯ ಫೋಟೋ ಹುಡುಕಿ ಅಂಚು ನೋಡಿದರೆ ಯಾಕೆ ಎಂದು ಗೊತ್ತಾಗುತ್ತದೆ.