ಪ್ರಾಣಿ ಸತ್ತಾಗ ಅದನ್ನು ಸಾಕಿದವರ ಜೊತೆ ನಿಲ್ಲುವ ಬಗೆ

ಮೃಗಾಲಯದಲ್ಲಿ ಪ್ರಾಣಿಯೊಂದು ಸತ್ತ ದಿನವೂ ಉಳಿದ ಪ್ರಾಣಿಗಳಿಗೆ ಹೊತ್ತಿಗೆ ಸರಿಯಾಗಿ ಆಹಾರ ಹೋಗಬೇಕು, ಆವರಣಗಳು ಶುಚಿಯಾಗಬೇಕು, ಜನರಿಗೆ ಬಾಗಿಲು ತೆರೆಯಬೇಕು. ವರ್ಷಗಟ್ಟಲೆ ಸಾಕಿದ ಚಿಂಪಾಂಜಿಯನ್ನು ಕಳೆದುಕೊಂಡ ಪಾಲಕ ಕಣ್ಣೊರೆಸಿಕೊಂಡು ಪಕ್ಕದ ಆವರಣಕ್ಕೆ ನಡೆಯುತ್ತಾನೆ. ಸುತ್ತಲಿನವರು ಶೋಕವೆಂದೇ ಒಪ್ಪದ ಇಂಥ ಶೋಕವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1980ರ ದಶಕದಲ್ಲಿ ವಿವರವಾಗಿ ಗುರುತಿಸಿದರು. ದುಃಖಪಡುವ ಹಕ್ಕೇ ತನಗಿಲ್ಲ ಎಂಬ ಭಾವನೆ ಅದರ ಭಾರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮೇಲ್ವಿಚಾರಕರು, ಪಶುವೈದ್ಯರು ಮತ್ತು ಸಹೋದ್ಯೋಗಿಗಳು ಈ ಭಾರವನ್ನು ಇಳಿಸಲಾರರು, ಆದರೆ ಹೆಚ್ಚಾಗದಂತೆ ಖಂಡಿತ ನೋಡಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಸುದ್ದಿ ತಲುಪುವ ಕ್ರಮ. ಸತ್ತ ಪ್ರಾಣಿಯನ್ನು ನೋಡಿಕೊಳ್ಳುತ್ತಿದ್ದವರ ಹೆಸರುಗಳ ಪಟ್ಟಿಯೊಂದು ಮೊದಲೇ ಸಿದ್ಧವಿರಲಿ, ಅದರಲ್ಲಿ ರಜೆಯಲ್ಲಿರುವವರು, ಬೇರೆ ವಿಭಾಗಕ್ಕೆ ವರ್ಗವಾದವರು ಮತ್ತು ಸ್ವಯಂಸೇವಕರು ಕಡ್ಡಾಯವಾಗಿ ಇರಲಿ. ಸಾರ್ವಜನಿಕ ಪ್ರಕಟಣೆ ಹೊರಡುವ ಮೊದಲು ಇವರಲ್ಲಿ ಪ್ರತಿಯೊಬ್ಬರಿಗೂ ಎದುರಿನಲ್ಲಿ ಅಥವಾ ಫೋನಿನಲ್ಲಿ ಒಬ್ಬ ಮನುಷ್ಯ ಮಾತಾಡಿ ತಿಳಿಸಬೇಕು. ಸ್ವಯಂಸೇವಕರನ್ನು ಮರೆಯುವುದು ಸಾಮಾನ್ಯ, ಏಕೆಂದರೆ ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ವಾರಕ್ಕೊಮ್ಮೆ ಬಂದು ಆ ಪ್ರಾಣಿಯ ಕಥೆಯನ್ನು ಸಾವಿರಾರು ಮಕ್ಕಳಿಗೆ ಹೇಳಿದವರು ಅದರ ಸಾವನ್ನು ಮೊಬೈಲಿನಲ್ಲಿ ಅಪರಿಚಿತರ ಜೊತೆಗೇ ಓದುವಂತಾದರೆ, ಆ ನೋವು ಸಂಸ್ಥೆಯ ಮೇಲಿನ ಬೇಸರವಾಗಿ ಉಳಿದುಬಿಡುತ್ತದೆ. ಹೇಳುವಾಗ "ಸತ್ತಿತು" ಎಂದೇ ಹೇಳಿ. ಸುತ್ತಿಬಳಸಿದ ಮಾತು ಕೇಳುವವರನ್ನು ಗೊಂದಲಕ್ಕೆ ತಳ್ಳುತ್ತದೆ.

ವಿದಾಯಕ್ಕೆ ಸಿಗುವ ಸಮಯ ಬಹಳ ಕಡಿಮೆ. ದೇಹ ಕೆಡುವ ಮೊದಲೇ ಮರಣೋತ್ತರ ಪರೀಕ್ಷೆ ಆಗಬೇಕಾದ್ದರಿಂದ ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯುತ್ತದೆ. ಸೋಂಕಿನ ಶಂಕೆ ಇಲ್ಲವೆಂದು ವೈದ್ಯರು ಹೇಳಿದರೆ ಪಾಲಕರನ್ನು ಪರೀಕ್ಷೆಗೆ ಮೊದಲೇ ಕರೆಯಿರಿ, ಬದುಕಿದ್ದಾಗ ಜಾಲರಿಯಾಚೆಯಿಂದ ಮಾತ್ರ ನೋಡಬಹುದಾಗಿದ್ದ ಹುಲಿಯ ಪಂಜವನ್ನು ಒಮ್ಮೆ ಮುಟ್ಟಲು ಬಿಡಿ. ಬರಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಆನೆ, ವಾನರಗಳಂಥ ಪ್ರಾಣಿಗಳಾದರೆ ಜೊತೆಗಾರ ಪ್ರಾಣಿಗಳಿಗೂ ದೇಹವನ್ನು ನೋಡುವ ಅವಕಾಶವನ್ನು ಹಲವು ಮೃಗಾಲಯಗಳು ಕೊಡುತ್ತವೆ. ಆ ಹೊತ್ತಿನಲ್ಲಿ ಪಾಲಕರೂ ಅಲ್ಲೇ ಇದ್ದು ಜೊತೆಗಾರರ ನಡವಳಿಕೆಯನ್ನು ಬರೆದಿಟ್ಟುಕೊಳ್ಳುವುದು ಅವರ ಕೈಗೂ ಮನಸ್ಸಿಗೂ ಒಂದು ಆಧಾರ.

ದಯಾಮರಣದ ವಿಷಯ ಬೇರೆ, ಏಕೆಂದರೆ ಅಲ್ಲಿ ಸಾವಿಗೆ ದಿನ ಗೊತ್ತಾಗಿರುತ್ತದೆ. ಕೊನೆಯ ಗಂಡು ಉತ್ತರದ ಬಿಳಿ ಘೇಂಡಾಮೃಗ ಸುಡಾನ್ 2018ರ ಮಾರ್ಚ್ 19ರಂದು ಕೀನ್ಯಾದ ಓಲ್ ಪೆಜೆಟಾ ವನ್ಯಜೀವಿಧಾಮದಲ್ಲಿ ತನ್ನ 45ನೇ ವಯಸ್ಸಿನಲ್ಲಿ ಸತ್ತದ್ದು ಹೀಗೆಯೇ. ಮುಪ್ಪಿನ ಕಾಯಿಲೆಗಳು ಉಲ್ಬಣಿಸಿ ಎದ್ದು ನಿಲ್ಲಲಾರದೆ ನರಳತೊಡಗಿದಾಗ ವೈದ್ಯರ ತಂಡ ಆ ನಿರ್ಧಾರಕ್ಕೆ ಬಂದಿತು. ಇಂಥ ನಿರ್ಧಾರಕ್ಕೆ ವಾರಗಳ ಮೊದಲೇ ಪಾಲಕರನ್ನು ಸೇರಿಸಿಕೊಳ್ಳಬೇಕು. ಪ್ರಾಣಿ ಎಷ್ಟು ತಿಂದಿತು, ಎದ್ದು ನಡೆಯಿತೇ, ಕರೆದರೆ ಬಂದಿತೇ ಎಂದು ದಿನವೂ ಬರೆದಿಟ್ಟ ಟಿಪ್ಪಣಿಯನ್ನು ಎದುರಿಗಿಟ್ಟುಕೊಂಡು ಚರ್ಚಿಸಿದರೆ, "ಇನ್ನೊಂದು ವಾರ ಕಾಯಬಹುದಿತ್ತೇ" ಎಂಬ ಪ್ರಶ್ನೆಗೆ ಆಮೇಲೆ ಹಿಂತಿರುಗಿ ನೋಡಲು ಏನಾದರೂ ಇರುತ್ತದೆ. ಚುಚ್ಚುಮದ್ದಿನ ಸಮಯದಲ್ಲಿ ಹತ್ತಿರ ಇರುವುದೋ ಬೇಡವೋ ಎಂಬುದು ಪಾಲಕರ ಆಯ್ಕೆಯಾಗಿರಲಿ. ಚುಚ್ಚುಮದ್ದು ಕೊಡುವ ವೈದ್ಯರಿಗೂ ದುಃಖವಿದೆ ಎಂಬುದು ಎಲ್ಲರಿಗೂ ನೆನಪಿರಲಿ.

ಹಠಾತ್ ಸಾವಿನಲ್ಲಿ ಪಾಲಕರು ಮೊದಲು ದೂರುವುದು ತಮ್ಮನ್ನೇ. ಬರ್ಲಿನ್ ಮೃಗಾಲಯದ ಹಿಮಕರಡಿ ಕ್ನೂಟ್ 2011ರ ಮಾರ್ಚ್ 19ರಂದು ನೂರಾರು ಸಂದರ್ಶಕರ ಕಣ್ಣೆದುರಿಗೇ ಕುಸಿದು ನೀರಿಗೆ ಬಿದ್ದು ಸತ್ತಿತು. ಮೆದುಳಿನ ಉರಿಯೂತವೆಂಬುದು ಬೇಗ ತಿಳಿದರೂ, ಅದರ ಮೂಲ ದೇಹದ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬೀಳುವ ಕಾಯಿಲೆ ಎಂದು ಸಂಶೋಧಕರು ಪ್ರಕಟಿಸಿದ್ದು 2015ರಲ್ಲಿ. ಉತ್ತರ ಇಷ್ಟು ತಡವಾಗಿಯೂ ಬರಬಹುದು. ಆದ್ದರಿಂದ ಪರೀಕ್ಷೆಯ ಪ್ರಾಥಮಿಕ ಅಂಶಗಳನ್ನು ವೈದ್ಯರು ಪಾಲಕರ ಜೊತೆ ಕುಳಿತು ಸರಳ ಮಾತಿನಲ್ಲಿ ವಿವರಿಸಲಿ, ಪ್ರಯೋಗಾಲಯದ ವರದಿ ಬಂದ ಮೇಲೆ ಮತ್ತೊಮ್ಮೆ ಕೂರಲಿ. ತಪ್ಪು ನಡೆದಿದ್ದರೆ ಅದರ ವಿಚಾರಣೆ ಪ್ರತ್ಯೇಕವಾಗಿ ನಡೆಯಲಿ. ಸಾಂತ್ವನದ ಸಭೆಯಲ್ಲಿ ಪಾಟೀಸವಾಲು ಬೇಡ.

ಮುಂದಿನ ಕೆಲವು ದಿನಗಳಲ್ಲಿ ಸುರಕ್ಷತೆಯ ಕಡೆಗೆ ವಿಶೇಷ ಗಮನ ಬೇಕು. ನಿದ್ದೆಗೆಟ್ಟ ಮನಸ್ಸು ಅಭ್ಯಾಸಬಲದಿಂದ ಕೆಲಸ ಮಾಡುತ್ತದೆ, ಅಡುಗೆಕೋಣೆಯಲ್ಲಿ ಕೈ ತಾನಾಗಿ ಸತ್ತ ಪ್ರಾಣಿಯ ಪಾಲನ್ನೂ ತೂಗಿ ಬಕೆಟ್ಟಿಗೆ ಹಾಕಿರುತ್ತದೆ. ಅದೇ ಮರೆವು ಸಿಂಹದ ಆವರಣದ ಅಗುಳಿಯ ಬಳಿ ಆದರೆ ಜೀವಕ್ಕೆ ಅಪಾಯ. ಅಪಾಯಕಾರಿ ಪ್ರಾಣಿಗಳ ವಿಭಾಗದಲ್ಲಿ ಇಬ್ಬರು ಸೇರಿ ಬೀಗ ಪರಿಶೀಲಿಸುವ ಕ್ರಮವನ್ನು ಬಿಗಿಗೊಳಿಸಿ, ಅಗತ್ಯವಿದ್ದರೆ ಪಾಲಕರಿಗೆ ಹಗುರ ಕೆಲಸ ಕೊಡಿ.

ಸಂದರ್ಶಕರ ಪ್ರಶ್ನೆಗಳಿಗೆ ಎರಡು ಮೂರು ವಾಕ್ಯಗಳ ಉತ್ತರವನ್ನು ಬರೆದು ಎಲ್ಲರಿಗೂ ಕೊಟ್ಟಿರಬೇಕು, ಅದನ್ನು ಹೇಳಿ ಪಕ್ಕಕ್ಕೆ ಸರಿಯುವ ಅನುಮತಿಯೂ ಇರಬೇಕು. ಸಾಮಾಜಿಕ ಜಾಲತಾಣಗಳಲ್ಲಿ ಬರುವ ನಿಂದನೆಯನ್ನು ಪಾಲಕರು ಓದಬೇಕಾಗಿಲ್ಲ. 2016ರ ಮೇ ತಿಂಗಳಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಪುಟ್ಟ ಬಾಲಕನೊಬ್ಬ ಆವರಣದೊಳಗೆ ಬಿದ್ದಾಗ ಹರಾಂಬೆ ಎಂಬ ಗೊರಿಲ್ಲಾವನ್ನು ಗುಂಡಿಟ್ಟು ಕೊಂದ ಮೇಲೆ ತಿಂಗಳುಗಟ್ಟಲೆ ಹರಿದಾಡಿದ ಹಾಸ್ಯಚಿತ್ರಗಳು ತಮ್ಮ ಸಿಬ್ಬಂದಿ ಚೇತರಿಸಿಕೊಳ್ಳಲು ಅಡ್ಡಿಯಾಗುತ್ತಿವೆ ಎಂದು ಆ ಸಂಸ್ಥೆ ಬಹಿರಂಗವಾಗಿಯೇ ಹೇಳಬೇಕಾಯಿತು.

ಪ್ರಾಣಿಯ ಗಾತ್ರ ನೋಡಿ ದುಃಖವನ್ನು ಅಳೆಯಬೇಡಿ. ಮೊಟ್ಟೆಯಿಂದ ಬೆಳೆಸಿದ ಆಮೆಗೂ ಮರುಗುವವರಿದ್ದಾರೆ. "ಇನ್ನೊಂದು ಬರುತ್ತದೆ ಬಿಡಿ" ಎಂಬ ಮಾತು ಯಾವ ಸಂದರ್ಭದಲ್ಲಿಯೂ ಬೇಡ. ವಾರಗಳು ಕಳೆದರೂ ಊಟ ನಿದ್ದೆ ಸರಿಹೋಗದಿದ್ದರೆ, ಆ ವಿಭಾಗದತ್ತ ಕಾಲಿಡಲಾಗದಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ ತಡಮಾಡದೆ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ನೆರವು ಕೊಡಿಸಿ.

ಖಾಲಿಯಾದ ಆವರಣದ ಹೆಸರುಫಲಕವನ್ನು ಯಾವಾಗ ತೆಗೆಯಬೇಕು, ಯಾರು ತೆಗೆಯಬೇಕು ಎಂದು ಪಾಲಕರನ್ನೇ ಕೇಳಿ. ಅಲ್ಲಿಗೆ ಹೊಸ ಪ್ರಾಣಿ ಬರುವುದಾದರೆ ಅವರಿಗೆ ಮೊದಲೇ ತಿಳಿಸಿ. ಒಬ್ಬರು ಮರುದಿನವೇ ಅದರ ಹೊಣೆ ಹೊರಲು ಸಿದ್ಧರಿರಬಹುದು, ಇನ್ನೊಬ್ಬರು ಕೆಲವು ತಿಂಗಳು ಪಕ್ಷಿಗಳ ವಿಭಾಗ ಕೊಡಿ ಎನ್ನಬಹುದು. ಇಬ್ಬರ ಮಾತನ್ನೂ ನಡೆಸಿಕೊಡಿ, ಆಮೇಲೆ ಮನಸ್ಸು ಬದಲಾದರೆ ಕಾರಣ ಕೇಳದೆ ಅದನ್ನೂ ಒಪ್ಪಿಕೊಳ್ಳಿ.